ಪಗಾರ ಋಣವಲ್ಲ

(ಸಂಘದ ಮಹಿಳಾ ವಿಭಾಗದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಕಷ್ಟಸುಖ’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಕಾರ್ಯದರ್ಶಿಯವರು ಫೋನು ಮಾಡಿದಾಗ, "ನಾನು ವಕೀಲೆಯಲ್ಲ, ಲೇಖಕಿಯೂ ಅಲ್ಲ" ಎಂದೆ. "ನಿಮಗೆ ಗೊತ್ತಿರುವುದನ್ನೇ ಹೇಳಿ" ಎಂದರು. ನನಗೆ ಗೊತ್ತಿರುವುದು ಒಂದೇ ವಿಷಯ, ಪಗಾರ. ಮುಂಬಯಿಯ ಒಂದು ಖಾಸಗಿ ಕಂಪೆನಿಯ ಪಗಾರ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆಫೀಸಿನಲ್ಲಿ ಯಾರು ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಕ್ಯಾಂಟೀನಿನವರಿಗೆ ಗೊತ್ತಿರುತ್ತದೆ. ಯಾರ ಬೆಲೆ ಎಷ್ಟು ಎಂದು ಕಂಪೆನಿ ಕಟ್ಟಿದೆ ಎಂಬುದು ಪಗಾರ ವಿಭಾಗದವರಿಗೆ ಗೊತ್ತಿರುತ್ತದೆ.

ನಮ್ಮ ಊರ ಕಡೆ ಒಂದು ಗಾದೆ ಇದೆ, ಉಂಡ ಮನೆಯ ಜಂತೆ ಎಣಿಸಬಾರದು ಅಂತ. ಒಳ್ಳೆಯ ಗಾದೆಯೇ. ನೆಂಟರ ಮನೆಗೆ ಹೋಗಿ ಊಟ ಮಾಡಿ ಬಂದು ಅವರ ಮನೆಯ ಕುಂದುಕೊರತೆ ಆಡಬಾರದು. ಆದರೆ ಈ ಗಾದೆಯನ್ನು ನಾವು ಆಫೀಸಿಗೂ ತೆಗೆದುಕೊಂಡು ಹೋಗಿದ್ದೇವೆ. "ಅನ್ನ ಕೊಟ್ಟ ಕಂಪೆನಿ, ಅದರ ವಿರುದ್ಧ ಮಾತಾಡಬಾರದು" ಎನ್ನುತ್ತೇವೆ. ನೆಂಟರ ಮನೆಯಲ್ಲಿ ಉಂಡದ್ದು ಋಣ, ಸರಿ. ಕಂಪೆನಿಯಲ್ಲಿ ಉಂಡದ್ದು ಋಣವಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಡಬ್ಬ ಕಟ್ಟಿ, ಡೊಂಬಿವಲಿಯಿಂದ ಲೋಕಲ್‌ನಲ್ಲಿ ಒಂಟಿ ಕಾಲಿನಲ್ಲಿ ನಿಂತು ಹೋಗಿ, ದಿನವಿಡೀ ದುಡಿದು ಪಡೆದದ್ದು. ಮೊದಲು ಕೆಲಸ, ಆಮೇಲೆ ಪಗಾರ. ಲೆಕ್ಕ ನೋಡಿದರೆ ತಿಂಗಳಿಡೀ ಸಾಲ ಕೊಟ್ಟವರು ನಾವೇ, ಕಂಪೆನಿ ಅದನ್ನು ತಿಂಗಳ ಕೊನೆಗೆ ತೀರಿಸುತ್ತದೆ. ಹಾಗಾಗಿ ಇವತ್ತು ನಾನು ಧೈರ್ಯವಾಗಿ ಜಂತೆ ಎಣಿಸುತ್ತೇನೆ.

ಮೊದಲನೆಯದು ಸಂಬಳದ ತಾರತಮ್ಯ. ತೊಂಬತ್ತರ ದಶಕದ ಮಾತು. ನಮ್ಮ ವಿಭಾಗಕ್ಕೆ ಒಬ್ಬ ಹುಡುಗ ಹೊಸದಾಗಿ ಸೇರಿದ. ಒಳ್ಳೆಯವನು, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಮೂರು ತಿಂಗಳು ಅವನಿಗೆ ಕೆಲಸ ಕಲಿಸಿದವಳು ನಾನು. ಅವನ ಮೊದಲ ತಿಂಗಳ ಪಗಾರದ ಚೀಟಿ ಮಾಡಿದವಳೂ ನಾನೇ. ಅವನ ಬೇಸಿಕ್ ನನ್ನದಕ್ಕಿಂತ 700 ರೂಪಾಯಿ ಹೆಚ್ಚು! ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. "ನಿಮ್ಮ ಯಜಮಾನರಿಗೆ ಒಳ್ಳೆಯ ಕೆಲಸ ಇದೆಯಲ್ಲ, ನಿಮ್ಮ ಪಗಾರ ಮೇಲುಖರ್ಚಿಗೆ. ಅವನಿಗೆ ಸಂಸಾರ ನಡೆಸಬೇಕು" ಎಂದರು. ನನ್ನ ಪಕ್ಕದ ಮೇಜಿನಲ್ಲಿ ಮದುವೆಯಾಗದ ಒಬ್ಬ ಹೆಣ್ಣುಮಗಳಿದ್ದಳು. ತಾಯಿಯನ್ನು, ಇಬ್ಬರು ತಮ್ಮಂದಿರನ್ನು ಸಾಕುತ್ತಿದ್ದಳು. ಅವಳ ಬೇಸಿಕ್ಕೂ ನನ್ನಷ್ಟೇ. "ಹಾಗಾದರೆ ಅವಳಿಗೇಕೆ ಕಡಿಮೆ?" ಎಂದು ಕೇಳಿದೆ. "ಅವರಿಗೆ ಗಂಡ ಮಕ್ಕಳ ಖರ್ಚೇ ಇಲ್ಲವಲ್ಲ" ಎಂದರು.

ನೋಡಿ, ಗಂಡ ಇದ್ದರೂ ಕಡಿಮೆ, ಇಲ್ಲದಿದ್ದರೂ ಕಡಿಮೆ. ಹೆಣ್ಣಿಗೆ ಕೊಡುವಾಗ ಅವಳ ಮನೆಯ ಖರ್ಚು ನೋಡುತ್ತಾರೆ, ಗಂಡಿಗೆ ಕೊಡುವಾಗ ಅವನ ಕೆಲಸ ನೋಡುತ್ತಾರೆ. ನಾವಿಬ್ಬರೂ ಸೇರಿ ಒಂದು ಪತ್ರ ಬರೆದೆವು. ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ, ಇನ್‌ವರ್ಡ್ ಸಿಕ್ಕೆ ಹಾಕಿಸಿ, ಪ್ರತಿಯನ್ನು ಮನೆಯಲ್ಲಿಟ್ಟೆವು. ಹದಿನಾಲ್ಕು ತಿಂಗಳ ಮೇಲೆ 500 ರೂಪಾಯಿ ಏರಿಸಿದರು. ಹಿಂದಿನ ಬಾಕಿ ಕೊಡಲಿಲ್ಲ, ಉಳಿದ 200 ಎಂದೂ ಬರಲಿಲ್ಲ. 200 ರೂಪಾಯಿ ಎಂದರೆ ಏನು ಮಹಾ ಎನ್ನಬೇಡಿ. ವರ್ಷ ವರ್ಷದ ಇನ್‌ಕ್ರಿಮೆಂಟ್ ಬೇಸಿಕ್ಕಿನ ಮೇಲೆ ಶೇಕಡಾವಾರು. ಪಿ.ಎಫ್. ಬೇಸಿಕ್ಕಿನ ಮೇಲೆ. ಗ್ರಾಚ್ಯುಟಿ ಕೊನೆಯ ಬೇಸಿಕ್ಕಿನ ಮೇಲೆ. ಆ 200 ರೂಪಾಯಿ ನಿವೃತ್ತಿಯ ದಿನದವರೆಗೂ ನನ್ನ ಹಿಂದೆ ಬಡ್ಡಿಯ ಹಾಗೆ ಬೆಳೆಯುತ್ತಾ ಬಂತು.

ಆ ಹೊತ್ತಿಗೆ ಕಾನೂನು ಇರಲಿಲ್ಲವೇ? ಇತ್ತು. ಸಮಾನ ವೇತನ ಕಾಯಿದೆ ಬಂದದ್ದು 1976ರಲ್ಲಿ. ಅದನ್ನು ಮುಟ್ಟಿ ಪರೀಕ್ಷಿಸಿದವಳು ನಮ್ಮ ಮುಂಬಯಿಯ ಒಬ್ಬ ಸ್ಟೆನೋಗ್ರಾಫರ್, ಆಡ್ರಿ ಡಿ'ಕೋಸ್ಟಾ. ಮೆಕಿನನ್ ಮೆಕೆಂಝಿ ಕಂಪೆನಿಯಲ್ಲಿ ‘ಲೇಡಿ ಸ್ಟೆನೋಗ್ರಾಫರ್’ ಎಂದು ಕೆಲಸ. ಪುರುಷ ಸ್ಟೆನೋಗ್ರಾಫರುಗಳಿಗೆ ಅದೇ ಕೆಲಸಕ್ಕೆ ಹೆಚ್ಚು ಸಂಬಳ. 1977ರಲ್ಲಿ ಅವರ ಕೆಲಸ ಹೋಯಿತು. ಅವರು ಸುಮ್ಮನಿರದೆ, ಇಷ್ಟು ವರ್ಷ ನನಗೆ ಕಡಿಮೆ ಕೊಟ್ಟಿದ್ದೀರಿ ಎಂದು ಅರ್ಜಿ ಹಾಕಿದರು. ಹೆಂಗಸರ ಕೆಲಸವೇ ಬೇರೆ ಬಗೆಯದು ಎಂದಿತು ಕಂಪೆನಿ. ಯೂನಿಯನ್ ಜೊತೆ ಒಪ್ಪಂದವಾಗಿದೆ ಎಂದಿತು. ಕೊನೆಗೆ ನಮ್ಮ ಹತ್ತಿರ ಹಣವಿಲ್ಲ ಎಂದೂ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಯಾವುದನ್ನೂ ಒಪ್ಪಲಿಲ್ಲ. ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ, ಹಣದ ಮುಗ್ಗಟ್ಟು ನೆಪವಾಗುವುದಿಲ್ಲ ಎಂದಿತು. ಹತ್ತು ವರ್ಷದ ಹೋರಾಟ. ಆಕೆಯ ಹೆಸರು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

ಎರಡನೆಯದು ಪಗಾರದ ಚೀಟಿಯೊಳಗಿನ ಆಟ. ನಾವು ಹೆಂಗಸರು ಕಾಯಿಪಲ್ಲೆ ತರುವಾಗ ಒಂದು ರೂಪಾಯಿಗೂ ಚೌಕಾಸಿ ಮಾಡುತ್ತೇವೆ. ಪಗಾರದ ಚೀಟಿಯಲ್ಲಿ ಮಾತ್ರ ಕೊನೆಯ ಸಾಲು ನೋಡಿ ಮಡಚಿಡುತ್ತೇವೆ. ಮೇಲಿನ ಸಾಲುಗಳನ್ನು ಓದಿ. 30,000 ಸಂಬಳ ಎಂದು ಹೇಳಿ, ಬೇಸಿಕ್ 8,000 ಮಾತ್ರ ತೋರಿಸಿ, ಉಳಿದದ್ದೆಲ್ಲ ನಾನಾ ಹೆಸರಿನ ಭತ್ಯೆ ಎಂದು ಬರೆದರೆ, ಕೈಗೆ ಬರುವ ಹಣ ನೋಡಿ ಖುಷಿಯಾಗುತ್ತದೆ. ಆದರೆ 8,000ದ ಮೇಲೆ ಶೇಕಡಾ 12ರಂತೆ ಕಂಪೆನಿ ಹಾಕುವ ಪಿ.ಎಫ್. ಬರೀ 960 ರೂಪಾಯಿ. ಹತ್ತು ವರ್ಷ ದುಡಿದರೆ ಗ್ರಾಚ್ಯುಟಿ ಸುಮಾರು 46,000. ಅದೇ ಬೇಸಿಕ್ 15,000 ಇದ್ದಿದ್ದರೆ ಪಿ.ಎಫ್. 1,800, ಗ್ರಾಚ್ಯುಟಿ ಸುಮಾರು 86,500. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿ.ಎ.ಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ದುಡಿದ ವರ್ಷಗಳಿಂದ ಗುಣಿಸಿದರೆ ಗ್ರಾಚ್ಯುಟಿ. ಮನೆಗೆ ಹೋಗಿ ನಿಮ್ಮದನ್ನು ಹಾಕಿ ನೋಡಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ ಆಟಕ್ಕೆ ಒಂದು ಕಡಿವಾಣ ಇದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದ ಭಾಗವನ್ನು ವೇತನವೆಂದೇ ಲೆಕ್ಕ ಹಿಡಿಯಬೇಕು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. 1976ರ ಕಾಯಿದೆಯ ಸಮಾನ ವೇತನದ ಮಾತು ಈಗ ವೇತನ ಸಂಹಿತೆಯೊಳಗೆ ಸೇರಿದೆ. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ದಿನದ ಮಾತು. ನಮಗೆ ಅನುಕೂಲವಾದ ಸಾಲನ್ನಾದರೂ ನಾವು ತಿಳಿದಿರೋಣ.

ಇನ್ನೊಂದು ಮಾತು. ಚೀಟಿಯಲ್ಲಿ ಪಿ.ಎಫ್. ಕಡಿತ ತೋರಿಸುತ್ತಾರೆ, ಕಛೇರಿಗೆ ಕಟ್ಟುವುದಿಲ್ಲ. ಇಂಥ ಕಂಪೆನಿಗಳೂ ಇವೆ. ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಅದು ನಿಮ್ಮ ಖಾತೆಗೆ ಹೋಗಬೇಕು. ನಿಮ್ಮ ಯು.ಎ.ಎನ್. ಸಂಖ್ಯೆ ಹಾಕಿ ಮೊಬೈಲಿನಲ್ಲೇ ಪಾಸ್‌ಬುಕ್ ನೋಡಬಹುದು. ಮೂರು ತಿಂಗಳಿಗೊಮ್ಮೆ ನೋಡಿ.

ಮೂರನೆಯದು ಹಣದಲ್ಲಿ ಅಳೆಯಲಾಗದ್ದು. ಕೆಟ್ಟ ಬಾಸ್. ಲೇಡೀಸ್ ಡಬ್ಬಿಯಲ್ಲಿ ಮೂವತ್ತು ವರ್ಷ ಓಡಾಡಿದ್ದೇನೆ. ಅಲ್ಲಿ ಬೀನ್ಸ್ ತೊಟ್ಟು ಮುರಿಯುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ ಹೆಂಗಸರು ಆಡುವ ಮಾತಿನಲ್ಲಿ ಅರ್ಧ ಅತ್ತೆಯದ್ದು, ಅರ್ಧ ಬಾಸ್‌ನದ್ದು. ಎಲ್ಲರೆದುರು ಕಾಗದ ಎಸೆಯುವವನು. ಆರು ಗಂಟೆಗೆ ಪರ್ಸ್ ತೆಗೆದ ಕೂಡಲೇ "ಹಾಫ್ ಡೇನಾ?" ಎಂದು ನಗುವವನು. ಮಗುವಿಗೆ ಜ್ವರ ಎಂದರೆ "ನಿಮಗೆಲ್ಲ ಕೆಲಸ ಯಾಕೆ ಬೇಕು" ಎನ್ನುವವಳು. ಹೌದು, ಹೆಂಗಸರೂ ಇರುತ್ತಾರೆ. ನಾವು ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕಿ ಮೇಲಿನವರಿಗೆ ಕಳಿಸುವವರು. ಈಗಿನ ಹುಡುಗಿಯರಿಗೆ ಇನ್ನೂ ಒಂದು ಹೆಚ್ಚು, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್. ನೋಡಿದರೆ ನಿದ್ದೆ ಹೋಗುತ್ತದೆ, ನೋಡದಿದ್ದರೆ ಬೆಳಗ್ಗೆ ಬೈಗುಳ.

ಇವರೆಲ್ಲರ ಬಾಯಲ್ಲಿ ಒಂದು ಮಾತು ಬರುತ್ತದೆ, "ನಾವೆಲ್ಲ ಒಂದು ಕುಟುಂಬ". ಕುಟುಂಬದಲ್ಲಿ ಯಾರಿಗೂ ಒಂದು ತಿಂಗಳ ನೋಟಿಸ್ ಕೊಡುವುದಿಲ್ಲ. ಓವರ್‌ಟೈಮ್ ಕೇಳಿದಾಗ ಕುಟುಂಬ, ಬೋನಸ್ ಕೇಳಿದಾಗ ಕಂಪೆನಿ! ಕನ್ನಡ ಬಲ್ಲ ಅಧಿಕಾರಿಯಾದರೆ ಬಸವಣ್ಣನವರ ಕಾಯಕವನ್ನೂ ಎಳೆದು ತರುತ್ತಾರೆ. ಶರಣರ ಕಾಯಕದಲ್ಲಿ ಮೇಲು ಕೀಳಿಲ್ಲ ಎನ್ನುವುದನ್ನು ಮಾತ್ರ ಮರೆಯುತ್ತಾರೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದವಳು. ಆ ಲೆಕ್ಕದಲ್ಲಿ ಬೇರೆಯವರ ದುಡಿಮೆಯಿಂದ ಹೆಚ್ಚು ತೆಗೆದುಕೊಂಡವರು ಮೊದಲು ವಾಪಸು ಸುರಿಯಬೇಕಲ್ಲವೇ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಈಗ ನಮಗೆ ಸಿಗುವ ಭಾನುವಾರದ ರಜೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ವಾರದ ರಜೆಯೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಗಿರಣಿ ಕೆಲಸಗಾರರನ್ನು ಒಗ್ಗೂಡಿಸಿದರು. 1890ರ ಏಪ್ರಿಲ್‌ನಲ್ಲಿ ಮಹಾಲಕ್ಷ್ಮಿಯಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರ ಸಭೆ ನಡೆಯಿತು. ಆ ಸಭೆಯಲ್ಲಿ ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. ಮೈಕ್ ಇಲ್ಲದ ಕಾಲ. ಮನೆಯ ಗಂಡಸರ ಮುಂದೆಯೇ ಮಾತಾಡುವುದು ಕಷ್ಟವಿದ್ದ ಕಾಲ. ಅದೇ ವರ್ಷ ಜೂನ್ 10ರಂದು ಭಾನುವಾರದ ರಜೆ ಸಿಕ್ಕಿತು. ನಾವು ಇವತ್ತು ಭಾನುವಾರ ಇಲ್ಲಿ ಸೇರಿದ್ದೇವೆ ಎಂದರೆ ಆ ಇಬ್ಬರಿಗೂ ಅದರಲ್ಲಿ ಪಾಲಿದೆ.

ಹೆರಿಗೆ ರಜೆಯ ಕಥೆಯೂ ಹಾಗೆಯೇ. ಗಿರಣಿಯ ಹೆಣ್ಣುಮಕ್ಕಳಿಗಾಗಿ ಹೆರಿಗೆ ಸೌಲಭ್ಯದ ಕಾನೂನು 1929ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಂತು. ಅದರ ಪರವಾಗಿ ಶಾಸನಸಭೆಯಲ್ಲಿ ಮಾತಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಏರ್ ಇಂಡಿಯಾದಲ್ಲಿ ಗಗನಸಖಿಯರು ಮೊದಲ ಬಸಿರಿಗೇ ಕೆಲಸ ಬಿಡಬೇಕು ಎಂಬ ನಿಯಮವಿತ್ತು. 1981ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ದಿಲ್ಲಿ ಮಹಾನಗರಪಾಲಿಕೆಯಲ್ಲಿ ದಿನಗೂಲಿಗೆ ಮಣ್ಣು ಕಲ್ಲು ಹೊರುವ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಲೇಬೇಕು ಎಂದು 2000ದಲ್ಲಿ ತೀರ್ಪಾಯಿತು. 2017ರಲ್ಲಿ 12 ವಾರ 26 ವಾರವಾಯಿತು, 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುವಿಹಾರ ಇರಬೇಕು ಎಂದಾಯಿತು.

ಲೈಂಗಿಕ ಕಿರುಕುಳದ ಕಾನೂನಿನ ಹಿಂದೆ ರಾಜಸ್ಥಾನದ ಭಂವರಿ ದೇವಿ ಇದ್ದಾರೆ. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗವಾಗಿತ್ತು. ಅದನ್ನು ಮಾಡಿದ್ದಕ್ಕೇ 1992ರಲ್ಲಿ ಅವರ ಮೇಲೆ ಆ ಘೋರ ಅತ್ಯಾಚಾರ ನಡೆಯಿತು. ಅದರಿಂದ 1997ರ ವಿಶಾಖಾ ತೀರ್ಪು, ಅದರಿಂದ 2013ರ ಕಾಯಿದೆ. ಇದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಿ: ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಒಬ್ಬರು ಹೊರಗಿನವರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ಈಗ ನೀವು ಕೇಳಬಹುದು, "ಕಾನೂನು ಎಲ್ಲ ಸರಿ ಅಕ್ಕ, ನಾಳೆ ಬೆಳಗ್ಗೆ ಆಫೀಸಿಗೆ ಹೋಗುವವರು ನಾವಲ್ಲವೇ?" ನಿಜ. ಸಾಲ, ಮನೆಬಾಡಿಗೆ, ಮಕ್ಕಳ ಫೀಸು ಇರುವವರಿಗೆ ಬಾಸ್ ಮುಖಕ್ಕೆ ರಾಜೀನಾಮೆ ಎಸೆಯಿರಿ ಎಂದು ಹೇಳುವ ಭಾಷಣ ಸುಲಭ. ನಾನು ಅದನ್ನು ಹೇಳುವುದಿಲ್ಲ. ಪಗಾರ ವಿಭಾಗದಲ್ಲಿ ಕೂತು ಯಾರಿಗೆ ನ್ಯಾಯ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನೋಡಿದ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಕಾಗದ ಇಡಿ. ನೇಮಕಾತಿ ಪತ್ರ, ಪಗಾರದ ಚೀಟಿ, ಇನ್‌ಕ್ರಿಮೆಂಟ್ ಪತ್ರಗಳ ಪ್ರತಿ ಮನೆಯಲ್ಲಿರಲಿ. ಕೆಲಸ ಹೋದ ದಿನ ಆಫೀಸಿನ ಇ-ಮೇಲ್ ಕೂಡ ಹೋಗುತ್ತದೆ. ಎರಡು, ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರೆದುರು, ಏನು ಅಂದರು. "ಯಾವಾಗಲೂ ಬೈಯುತ್ತಾರೆ" ಎಂದರೆ ಯಾರೂ ಕೇಳುವುದಿಲ್ಲ, ತಾರೀಕು ಸಮೇತ ಹೇಳಿದರೆ ಕೇಳಲೇಬೇಕಾಗುತ್ತದೆ. ಮೂರು, ಒಬ್ಬಳೇ ಹೋಗಬೇಡಿ. ಒಬ್ಬಳು ಹೋದರೆ ತಂಟೆಕೋರಳು ಎನ್ನುತ್ತಾರೆ, ಮೂವರು ಹೋದರೆ ಸಮಸ್ಯೆ ಎನ್ನುತ್ತಾರೆ. ಪಗಾರ ಎಷ್ಟು ಎಂದು ಗೆಳತಿಯರು ಪರಸ್ಪರ ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ನಾವು ಗುಟ್ಟು ಮಾಡಿದಷ್ಟು ತಾರತಮ್ಯ ಮಾಡುವವರಿಗೆ ಲಾಭ. ನಾಲ್ಕು, ಬಿಡುವುದಾದರೆ ಲೆಕ್ಕ ಮಾಡಿ ಬಿಡಿ. ಇನ್ನೊಂದು ಕೆಲಸ ಕೈಯಲ್ಲಿರಲಿ, ಇಲ್ಲವಾದರೆ ಆರು ತಿಂಗಳ ಖರ್ಚು ಕೈಯಲ್ಲಿರಲಿ. ರಜೆಯ ಬಾಕಿ, ಗ್ರಾಚ್ಯುಟಿ, ಅನುಭವದ ಪತ್ರ ಎಲ್ಲ ಪಡೆದೇ ಹೊರಡಿ.

ಇದು ಆಫೀಸಿಗೆ ಹೋಗುವವರಿಗೆ. ಮನೆಯಲ್ಲಿರುವ ನಮಗೂ ಒಂದು ಕೆಲಸ ಇದೆ. ಮಗಳೋ ಸೊಸೆಯೋ ಸಂಜೆ ಬಂದು ಊಟ ಬೇಡ ಎಂದು ಮಲಗಿದರೆ, "ಎಲ್ಲ ಕಡೆ ಇದ್ದದ್ದೇ, ಸ್ವಲ್ಪ ಹೊಂದಿಕೊಂಡು ಹೋಗು" ಎನ್ನುತ್ತೇವೆ. ಗಂಡನ ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಕ್ಕಳಿಗೂ ನಮ್ಮ ಹಿರಿಯರು ಇದೇ ಮಾತು ಹೇಳಿದ್ದರು. ಈ ಮಾತಿನಿಂದ ಎಷ್ಟು ಜೀವ ಬಾಡಿದೆ ಎಂದು ನಮಗೆ ಗೊತ್ತು. ಅದರ ಬದಲು, "ಏನಾಯಿತು ಮಗಾ? ನಾನು ಏನು ಮಾಡಲಿ?" ಎಂದು ಕೇಳಿ. ಅವಳು ಕೆಲಸ ಬಿಟ್ಟರೆ "ಇಷ್ಟು ಓದಿಸಿದ್ದು ದಂಡ" ಎನ್ನಬೇಡಿ. ಕೆಲಸ ಇನ್ನೊಂದು ಸಿಗುತ್ತದೆ, ಮಗಳು ಇನ್ನೊಬ್ಬಳು ಸಿಗುವುದಿಲ್ಲ.

ಕೊನೆಗೆ ಸ್ವಲ್ಪ ಕಹಿಯಾದ ಮಾತು. ಇಷ್ಟು ಹೊತ್ತು ಬಾಸ್‌ಗಳನ್ನು ಬೈದೆವು, ಚಪ್ಪಾಳೆಯೂ ಬಿತ್ತು. ಈ ಸಭಾಂಗಣದಲ್ಲಿ ಬಾಸ್‌ಗಳು ಎಷ್ಟು ಜನ ಇದ್ದೇವೆ? ನಮ್ಮಲ್ಲಿ ಹೆಚ್ಚಿನವರ ಮನೆಗೆ ಬಾಯಿ ಬರುತ್ತಾಳೆ. ಗಿರಣಿಯವರಿಗೆ 1890ರಲ್ಲಿ ಸಿಕ್ಕಿದ ವಾರದ ರಜೆ ನಮ್ಮ ಮನೆಯ ಬಾಯಿಗೆ ಇನ್ನೂ ಸಿಕ್ಕಿದೆಯೇ? ಭಾನುವಾರ ನೆಂಟರು ಬರುತ್ತಾರೆ ಎಂದು ಅವಳಿಗೆ ಅವತ್ತು ಎರಡು ಸಲ ಬಾ ಎನ್ನುತ್ತೇವೆ. ಒಂದು ದಿನ ಬರದಿದ್ದರೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅವಳ ಮಾನ ಹರಾಜು. "ನಮ್ಮ ಮನೆಯವಳ ಹಾಗೇ ನೋಡಿಕೊಳ್ಳುತ್ತೇವೆ" ಎನ್ನುತ್ತೇವೆ. ಇದು ಬಾಸ್ ಹೇಳುವ ಕುಟುಂಬದ ಮಾತೇ ಅಲ್ಲವೇ? ಮಹಾರಾಷ್ಟ್ರದಲ್ಲಿ ಮನೆಗೆಲಸದವರಿಗಾಗಿ ಕಲ್ಯಾಣ ಮಂಡಳಿಯ ಕಾಯಿದೆ 2008ರಲ್ಲೇ ಬಂದಿದೆ. ನಮ್ಮ ಬಾಯಿಯನ್ನು ಅಲ್ಲಿ ನೋಂದಾಯಿಸಿದವರು ನಮ್ಮಲ್ಲಿ ಎಷ್ಟು ಜನ?

ಹೋಟೆಲು, ಕೇಟರಿಂಗ್, ಅಂಗಡಿ ನಡೆಸುವ ಮನೆಯವರೂ ಇಲ್ಲಿದ್ದೀರಿ. ನಮ್ಮ ಊರಿನ ಹುಡುಗರು ಹದಿಮೂರು ಹದಿನಾಲ್ಕು ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ದೊಡ್ಡವರಾದರು. ಆ ರಾತ್ರಿ ಶಾಲೆಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. ನನ್ನ ಮಾವನವರೂ ಹಾಗೆ ಓದಿದವರೇ. ಅವರು ಎರಡು ಹೋಟೆಲಿನಲ್ಲಿ ದುಡಿದಿದ್ದರು. ಒಬ್ಬ ಧಣಿ ಶಾಲೆಯ ಹೊತ್ತಿಗೆ ಸರಿಯಾಗಿ ಹೊಸ ಕೆಲಸ ಹೇಳುತ್ತಿದ್ದರಂತೆ. ಇನ್ನೊಬ್ಬ ಧಣಿ ಆರು ಗಂಟೆಗೆ ತಾವೇ ಕರೆದು, "ಲೋಟ ಇಡು, ಪುಸ್ತಕ ತಗೋ" ಎನ್ನುತ್ತಿದ್ದರಂತೆ. ಇಬ್ಬರ ಹೋಟೆಲಿನಲ್ಲೂ ಗಿರಾಕಿ ಒಂದೇ, ಇಡ್ಲಿ ಒಂದೇ, ಲಾಭವೂ ಹೆಚ್ಚುಕಡಿಮೆ ಒಂದೇ. ಮಾವನವರು ಕೊನೆಯವರೆಗೂ ಎರಡನೆಯ ಧಣಿಯ ಹೆಸರು ಹೇಳುವಾಗ ಕೈ ಎತ್ತಿ ಮುಗಿಯುತ್ತಿದ್ದರು. ಮೊದಲನೆಯವರ ಹೆಸರು ಅವರು ಹೇಳಿದ್ದನ್ನು ನಾನು ಕೇಳಲೇ ಇಲ್ಲ.

ಆದ್ದರಿಂದ ಮಹಿಳಾ ವಿಭಾಗಕ್ಕೆ ಒಂದು ವಿನಂತಿ. ನಾವು ರಂಗೋಲಿ ಸ್ಪರ್ಧೆ ಮಾಡುತ್ತೇವೆ, ಆಟಿಯ ಅಡುಗೆ ಮಾಡುತ್ತೇವೆ, ಮಾಡೋಣ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಂಘದ ಕಛೇರಿಯಲ್ಲಿ ಒಂದು ಮೇಜು ಹಾಕೋಣ. ನಮ್ಮಲ್ಲಿ ವಕೀಲೆಯರಿದ್ದಾರೆ, ಬ್ಯಾಂಕಿನವರಿದ್ದಾರೆ, ಲೆಕ್ಕಪತ್ರ ಬಲ್ಲ ನಿವೃತ್ತರಿದ್ದಾರೆ. ಪಗಾರದ ಚೀಟಿ ಅರ್ಥವಾಗದವರು, ಪಿ.ಎಫ್. ಸಿಕ್ಕಿಹಾಕಿಕೊಂಡವರು, ಬಾಸ್ ಕಾಟ ಯಾರಿಗೆ ಹೇಳಬೇಕೆಂದು ತಿಳಿಯದವರು ಬರಲಿ. ನಮ್ಮ ಹೋಟೆಲಿನ ಹುಡುಗರೂ ಬರಲಿ, ನಮ್ಮ ಮನೆಯ ಬಾಯಿಯೂ ಬರಲಿ. ಮೇಜಿನ ಒಂದು ಕುರ್ಚಿಯಲ್ಲಿ ನಾನು ಕೂರುತ್ತೇನೆ. ಉಳಿದ ಕುರ್ಚಿಗಳಿಗೆ ಹೆಸರು ಕೊಡುವವರು ಚಹಾ ವಿರಾಮದಲ್ಲಿ ಕಾರ್ಯದರ್ಶಿಯವರ ಹತ್ತಿರ ಬರೆಸಿ.